ಮೊದಲು ಮುರಿಯಬೇಕಾದ ನಿಯಮ ಯಾವುದು?

ಬೋಯಿಂಗ್ ಕಂಪನಿಯ ಹೊಸ 777-9 ವಿಮಾನದ ರೆಕ್ಕೆಯ ತುದಿಗಳು ಮಡಚಿಕೊಳ್ಳುತ್ತವೆ. ಹಾರುವಾಗ ಈ ತುದಿಯಿಂದ ಆ ತುದಿಗೆ ಸುಮಾರು 72 ಮೀಟರ್. ನೆಲಕ್ಕಿಳಿದು ತುದಿಗಳನ್ನು ಮೇಲಕ್ಕೆ ಮಡಚಿದರೆ 65 ಮೀಟರಿಗೆ ಕೊಂಚ ಕಡಿಮೆ. ವಿಮಾನವಾಹಕ ನೌಕೆಗಳ ಮೇಲಿನ ಯುದ್ಧವಿಮಾನಗಳಿಗೆ ರೆಕ್ಕೆ ಮಡಚುವುದು ಹಳೆಯ ಅಭ್ಯಾಸ. ಇಷ್ಟು ದೊಡ್ಡ ಪ್ರಯಾಣಿಕ ವಿಮಾನಕ್ಕೆ ಹೊಸದು. ಕೀಲು, ಮೋಟರು, ಬೀಗ, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ನೋಡುವ ಇನ್ನೊಂದು ವ್ಯವಸ್ಥೆ, ಇಷ್ಟೂ ತೂಕವನ್ನು ಆಕಾಶದಲ್ಲಿ ಹೊತ್ತು ತಿರುಗುವುದು ನೆಲದ ಮೇಲಿನ ಒಂದೇ ಕಾರಣಕ್ಕೆ. ಗೇಟಿನಲ್ಲಿ ಜಾಗ ಸಿಗಬೇಕು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ವಿಮಾನಗಳನ್ನು ರೆಕ್ಕೆಯ ಅಗಲದ ಮೇಲೆ ವರ್ಗ ಮಾಡಿದೆ. 24ರಿಂದ 36 ಮೀಟರಿನ ಒಳಗೆ ಇದ್ದರೆ ‘ಸಿ’. ನಾವು ದಿನಾ ಹತ್ತುವ ಎ320, 737ಗಳೆಲ್ಲ ಇದರಲ್ಲಿ ಬಂದವು. 52ರಿಂದ 65ರ ಒಳಗೆ ‘ಇ’, 65ರಿಂದ 80ರ ಒಳಗೆ ‘ಎಫ್’. ದೊಡ್ಡ ನಿಲ್ದಾಣಗಳಲ್ಲಿ ‘ಇ’ ಗೇಟುಗಳು ಸಾಕಷ್ಟಿರುತ್ತವೆ, ‘ಎಫ್’ ಮಾತ್ರ ಅಪರೂಪ. 79.75 ಮೀಟರ್ ರೆಕ್ಕೆಯ ಎ380 ವಿಮಾನವನ್ನು ಎಮಿರೇಟ್ಸ್ 2022ರ ಅಕ್ಟೋಬರ್ 14ರಂದು ಬೆಂಗಳೂರಿಗೆ ತಂದಾಗ ಪತ್ರಿಕೆಗಳು ಅದರ ಎರಡಂತಸ್ತಿನ ವೈಭವವನ್ನು ಬರೆದವು. ವಿಮಾನಗಳು ನಿಲ್ಲುವ ಅಂಗಳ, ಅಂದರೆ ಏಪ್ರನ್, ನೋಡಿಕೊಳ್ಳುವವರ ತಲೆಯಲ್ಲಿ ಇದ್ದದ್ದು ಬೇರೆ ಲೆಕ್ಕ. ಅದು ನಿಂತಿರುವಷ್ಟು ಹೊತ್ತು ಅಕ್ಕಪಕ್ಕದಲ್ಲಿ ಏನೇನು ನಿಲ್ಲಿಸಬಹುದು?

ಗೇಟು ಎಂದರೆ ನಮಗೆ ಬೋರ್ಡಿಂಗ್ ಪಾಸಿನ ಮೇಲಿನ ಒಂದು ಸಂಖ್ಯೆ. ಹೊರಗೆ ನಿಂತು ನೋಡುವವರಿಗೆ ಅದು ಬೇ, ಕಾಂಕ್ರೀಟಿನ ಮೇಲೆ ಹಳದಿ ಗೆರೆ ಎಳೆದ ಒಂದು ತುಂಡು ನೆಲ. ಒಂದಕ್ಕೆ ಏರೋಬ್ರಿಜ್ ಇದೆ, ಇನ್ನೊಂದಕ್ಕೆ ಬಸ್ಸೇ ಗತಿ. ಒಂದರ ಅಡಿಯಲ್ಲಿ ಇಂಧನದ ಕೊಳವೆ ಹಾದಿದೆ, ಇನ್ನೊಂದಕ್ಕೆ ಟ್ಯಾಂಕರ್ ಬರಬೇಕು. ಒಂದರಿಂದ ಇಳಿದವರು ಸೀದಾ ಇಮಿಗ್ರೇಶನ್‌ಗೆ ಹೋಗುತ್ತಾರೆ, ಇನ್ನೊಂದರಿಂದ ದೇಶೀಯ ಆಗಮನದ ಕಡೆಗೆ. ಎರಡು ವಿಮಾನಗಳ ನಡುವೆ ಬಿಡಬೇಕಾದ ಅಂತರ ‘ಸಿ’ ವರ್ಗಕ್ಕೆ 4.5 ಮೀಟರ್, ‘ಡಿ’ಯಿಂದ ಮೇಲಕ್ಕೆ 7.5 ಮೀಟರ್, ಪಕ್ಕದ ಬೇಯಲ್ಲಿ ದೊಡ್ಡದು ಬಂದು ನಿಂತರೆ ಈ ಬೇಗೆ ಸಣ್ಣದೇ ಬರಬೇಕಾಗಬಹುದು. ಕೆಲವು ಕಡೆ ಒಂದು ದೊಡ್ಡ ವಿಮಾನದ ಜಾಗದಲ್ಲೇ ಎರಡು ಸಣ್ಣವನ್ನು ನಿಲ್ಲಿಸುವ ಹಾಗೆ ಗೆರೆಗಳನ್ನು ಒಂದರ ಮೇಲೊಂದು ಎಳೆದಿರುತ್ತಾರೆ. ಒಂದೇ ಕಿರುದಾರಿಗೆ ಬೆನ್ನು ಮಾಡಿರುವ ಎರಡು ಬೇಗಳಿಂದ ಎರಡು ವಿಮಾನ ಒಟ್ಟಿಗೆ ಪುಶ್‌ಬ್ಯಾಕ್ ಆಗುವಂತಿಲ್ಲ. ಮೈಸೂರು, ಹುಬ್ಬಳ್ಳಿಯಂಥ ಊರುಗಳಿಗೆ ಓಡಾಡುವ ಎಟಿಆರ್ ವಿಮಾನಗಳಿಗೆ ಹಿಂಬದಿಯಲ್ಲಿ ಬಾಗಿಲು, ಬಾಗಿಲಲ್ಲೇ ಮೆಟ್ಟಿಲು. ಏರೋಬ್ರಿಜ್ ಇದ್ದೂ ಅವಕ್ಕೆ ಪ್ರಯೋಜನವಿಲ್ಲ.

ಇದ್ಯಾವುದೂ ಇಲ್ಲದೆ ಎಲ್ಲ ಗೇಟುಗಳೂ ಒಂದೇ ಥರ ಇದ್ದವೆಂದು ಇಟ್ಟುಕೊಳ್ಳಿ. ಆಗ ಈ ಕೆಲಸ ಶಾಲೆಯ ಹುಡುಗನಿಗೂ ಸಾಧ್ಯ. ವಿಮಾನಗಳನ್ನು ಬರುವ ಹೊತ್ತಿನ ಪ್ರಕಾರ ಸಾಲಾಗಿ ಬರೆದುಕೊಳ್ಳಿ. ಒಂದೊಂದನ್ನೂ ಖಾಲಿ ಇರುವ ಯಾವುದಾದರೂ ಗೇಟಿಗೆ ಕಳಿಸಿ. ಒಂದೂ ಖಾಲಿ ಇಲ್ಲದಿದ್ದರೆ ಮಾತ್ರ ಹೊಸ ಗೇಟು ತೆರೆಯಿರಿ. ದಿನದ ಅತಿ ದಟ್ಟಣೆಯ ಗಳಿಗೆಯಲ್ಲಿ ಎಷ್ಟು ವಿಮಾನ ಒಟ್ಟಿಗೆ ನೆಲದ ಮೇಲಿರುತ್ತವೋ ಅಷ್ಟೇ ಗೇಟು ಸಾಕು, ಅದಕ್ಕಿಂತ ಒಂದೂ ಹೆಚ್ಚು ಬೇಡ. ಹೊಸ ಗೇಟು ತೆರೆಯುವುದೇ ಉಳಿದವೆಲ್ಲ ತುಂಬಿದಾಗ ಮಾತ್ರ ಅಲ್ಲವೇ, ಅದೇ ಇದಕ್ಕೆ ಸಾಕ್ಷಿ. ಗೇಟುಗಳು ಒಂದಕ್ಕೊಂದು ಬೇರೆಯಾದ ಕೂಡಲೇ ಈ ಸುಖ ಹೋಗುತ್ತದೆ. 20 ವಿಮಾನ, 10 ಗೇಟು ಎಂದರೂ ಹಂಚುವ ರೀತಿಗಳು 1ರ ಮುಂದೆ 20 ಸೊನ್ನೆ ಬರೆದಷ್ಟು. ಇದರ ಮೇಲೆ ‘ವಿಮಾನ ಬದಲಿಸುವವರು ನಡೆಯುವ ದೂರ ಒಟ್ಟಾರೆ ಕಡಿಮೆಯಾಗಬೇಕು’ ಎಂದು ಸೇರಿಸಿದರೆ ಒಂದು ವಿಮಾನದ ಗೇಟು ಎಷ್ಟು ಒಳ್ಳೆಯದು ಎಂಬುದು ಇನ್ನೊಂದು ವಿಮಾನದ ಗೇಟಿನ ಮೇಲೆ ನಿಲ್ಲುತ್ತದೆ. ಗಣಕ ವಿಜ್ಞಾನದವರು ಹೆದರುವ ಜಾತಿಯ ಲೆಕ್ಕಗಳಲ್ಲಿ ಅದೂ ಒಂದು.

ಆದರೂ ಕಂಪ್ಯೂಟರ್ ಬರುವ ಮೊದಲೂ ವಿಮಾನಗಳು ಗೇಟಿಗೆ ಬಂದು ನಿಲ್ಲುತ್ತಿದ್ದವು. ಗೋಡೆಯ ಮೇಲೊಂದು ದೊಡ್ಡ ಹಲಗೆ, ಎಡಗಡೆ ಗೇಟುಗಳ ಪಟ್ಟಿ, ಮೇಲ್ಗಡೆ ಗಂಟೆಗಳು, ವಿಮಾನಕ್ಕೊಂದು ಪಟ್ಟಿ. ಮುಂದೆ ಕೂತವರು ವರ್ಷಗಟ್ಟಲೆ ಅದೇ ಹಲಗೆ ನೋಡಿ ಪಳಗಿದವರು. 1980ರ ದಶಕದಲ್ಲಿ ಎಕ್ಸ್‌ಪರ್ಟ್ ಸಿಸ್ಟಂ, ನಮ್ಮಲ್ಲಿ ಪರಿಣತ ವ್ಯವಸ್ಥೆ ಎನ್ನುವ ತಂತ್ರಾಂಶಗಳು ಹಬ್ಬಿದಾಗ ಇಂಥವರ ಮೇಲೆ ಕಣ್ಣು ಬಿದ್ದದ್ದು ಸಹಜ. ಆಗಿನ ನಂಬಿಕೆ ಸರಳವಾಗಿತ್ತು. ಪರಿಣತನ ತಲೆಯಲ್ಲಿರುವುದನ್ನೆಲ್ಲ ‘ಹೀಗಿದ್ದರೆ ಹೀಗೆ ಮಾಡು’ ಎಂಬ ವಾಕ್ಯಗಳಾಗಿ ಬರೆದಿಟ್ಟರೆ ಯಂತ್ರವೂ ಪರಿಣತನಂತೆ ನಡೆದುಕೊಳ್ಳುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ 1970ರ ದಶಕದ ಮೈಸಿನ್ ರಕ್ತದ ಸೋಂಕುಗಳಿಗೆ ಔಷಧ ಸೂಚಿಸುತ್ತಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ಬರೆದ ಎಕ್ಸ್‌ಕಾನ್, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಗೆ ಗಿರಾಕಿ ಕೇಳಿದ ಕಂಪ್ಯೂಟರಿಗೆ ಯಾವ ಯಾವ ಬಿಡಿಭಾಗ ಬೇಕೆಂದು ಹೊಂದಿಸಿಕೊಡುತ್ತಿತ್ತು. ಯುನೈಟೆಡ್ ಏರ್‌ಲೈನ್ಸ್ ಕೂಡ ಆ ದಶಕದಲ್ಲಿ ಶಿಕಾಗೋದ ಒ’ಹೇರ್‌ನಲ್ಲಿ ಗೇಟು ಹಂಚುವುದಕ್ಕೆ ಇಂಥದೊಂದನ್ನು ಕಟ್ಟಿಸಿತು.

ನನಗೆ ಇವುಗಳಲ್ಲಿ ಹೆಚ್ಚು ಇಷ್ಟವಾಗುವುದು ‘ಗೇಟ್ಸ್’ ಎಂಬ, ಹೆಸರಲ್ಲೇ ಕೆಲಸ ಹೇಳುವ ತಂತ್ರಾಂಶ. ಉತ್ತರ ಟೆಕ್ಸಾಸ್ ವಿಶ್ವವಿದ್ಯಾಲಯದ ರೋಜರ್ ಬ್ರಝೀಲ್ ಮತ್ತು ಕ್ಯಾಥ್ಲೀನ್ ಸ್ವಿಗರ್ ಇದನ್ನು ಅಮೆರಿಕದ ಟಿಡಬ್ಲ್ಯುಎ ವಿಮಾನ ಕಂಪನಿಗಾಗಿ ಬರೆದರು. 1988ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ನ್ಯೂಯಾರ್ಕಿನ ಜೆಎಫ್‌ಕೆ ಮತ್ತು ಸೇಂಟ್ ಲೂಯಿಸ್‌ನ ಲ್ಯಾಂಬರ್ಟ್, ಈ ಎರಡು ನಿಲ್ದಾಣಗಳಲ್ಲಿ ಟಿಡಬ್ಲ್ಯುಎಗೆ ಬೇಕಾದ ತಿಂಗಳ ಪಟ್ಟಿ, ದಿನದ ಪಟ್ಟಿ ಎರಡನ್ನೂ ಅದು ಮಾಡುತ್ತಿತ್ತು. ತಿಂಗಳ ಪಟ್ಟಿಗೆ ತಗಲುತ್ತಿದ್ದದ್ದು ಸುಮಾರು 30 ಸೆಕೆಂಡು. ಬರೆದದ್ದು ಪ್ರೊಲಾಗ್ ಭಾಷೆಯಲ್ಲಿ. ಈ ಭಾಷೆಯಲ್ಲಿ ಕೆಲಸದ ಹಂತಗಳನ್ನು ಹೇಳುವುದಕ್ಕಿಂತ ನಿಜಗಳನ್ನು ಹೇಳುವುದು ಹೆಚ್ಚು. ಈ ಗೇಟಿಗೆ ಇಷ್ಟು ಅಗಲದ ವಿಮಾನ ಸಲ್ಲುತ್ತದೆ. ಈ ವಿಮಾನ ಇಷ್ಟು ಗಂಟೆಗೆ ಬಂದು ಇಷ್ಟು ಗಂಟೆಗೆ ಹೊರಡುತ್ತದೆ. ಹಿಂದಿನದು ಹೊರಟು ಇಷ್ಟು ನಿಮಿಷ ಕಳೆಯದೆ ಮುಂದಿನದನ್ನು ಬಿಡಬಾರದು. ಇಷ್ಟು ಹೇಳಿದರೆ ಹೊಂದಿಕೆಯಾಗುವ ಜೋಡಿಗಳನ್ನು ಅದೇ ಹುಡುಕುತ್ತದೆ; ದಾರಿ ಮುಚ್ಚಿಹೋದರೆ ಒಂದು ಹೆಜ್ಜೆ ಹಿಂದೆ ಬಂದು ಇನ್ನೊಂದು ಕಡೆ ನೋಡುತ್ತದೆ. ನಿಯಮ ಬದಲಾದರೆ ಆ ಒಂದು ಸಾಲು ತಿದ್ದಿದರಾಯಿತು, ಬಳಸುವವರೇ ತಿದ್ದಿಕೊಳ್ಳಬಹುದು.

ಸ್ವಾರಸ್ಯವಿರುವುದು ಇದರಲ್ಲಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಎಲ್ಲ ನಿಯಮಗಳನ್ನೂ ಪಾಲಿಸಿ ಎಲ್ಲ ವಿಮಾನಗಳನ್ನೂ ನಿಲ್ಲಿಸುವುದು ಬಹಳ ಸಲ ಆಗುವುದೇ ಇಲ್ಲ. ಹಾಗಾಗಿ ‘ಗೇಟ್ಸ್’ ಪಟ್ಟಿಯ ಮೇಲೆ ಹಲವು ಸುತ್ತು ಹಾಕುತ್ತಿತ್ತು. ಯಾವ ನಿಯಮ ಯಾವಾಗ ಅನ್ವಯವಾಗಬೇಕು, ಹೇಗೆ ಅನ್ವಯವಾಗಬೇಕು ಎಂಬುದು ಸುತ್ತಿನಿಂದ ಸುತ್ತಿಗೆ ಬದಲಾಗುತ್ತಿತ್ತು. ಈ ಬಗೆಯ ವ್ಯವಸ್ಥೆಗಳು ಕೆಲಸ ಮಾಡುವ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಬಿಗಿಯಾಗಿ ಪಾಲಿಸಿ ಕೂರಿಸಬಹುದಾದಷ್ಟನ್ನು ಕೂರಿಸು. ಉಳಿದ ವಿಮಾನಗಳಿಗೆ ‘ಈ ಕಂಪನಿ ಕೇಳುವುದು ಆ ಕಡೆಯ ಗೇಟು’ ಎಂಬಂಥ ಆಸೆಗಳನ್ನು ಕೈಬಿಡು. ಇನ್ನೂ ಉಳಿದರೆ ಎರಡು ವಿಮಾನಗಳ ನಡುವಿನ ಬಿಡುವನ್ನು ಕೆಲವು ನಿಮಿಷ ಕತ್ತರಿಸು. ಆಗಲೂ ಆಗದಿದ್ದರೆ ದೂರದ ಬೇ, ಬಸ್ಸು. ರೆಕ್ಕೆಗಳ ನಡುವಿನ ಅಂತರವನ್ನು ಮಾತ್ರ ಎಷ್ಟನೇ ಸುತ್ತಾದರೂ ಮುಟ್ಟಬೇಡ.

ನನ್ನ ಮಟ್ಟಿಗೆ ಹಲಗೆಯ ಮುಂದೆ ಕೂತವರ ಪರಿಣತಿ ಇದ್ದದ್ದು ಇಲ್ಲಿ. ನಿಯಮಗಳು ಎಲ್ಲರಿಗೂ ಗೊತ್ತು, ಕೈಪಿಡಿಯಲ್ಲೇ ಅಚ್ಚಾಗಿರುತ್ತವೆ. ಕೈಗೆ ಬಂದದ್ದು ಬಾಯಿಗೆ ಬಾರದ ಹೊತ್ತಿನಲ್ಲಿ ಯಾವುದನ್ನು ಮೊದಲು ಸಡಿಲಿಸಬೇಕು, ಯಾವುದನ್ನು ಆಮೇಲೆ, ಯಾವುದನ್ನು ತಲೆ ಹೋದರೂ ಇಲ್ಲ ಎಂಬ ಕ್ರಮ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಮದುವೆ ಮನೆಯಲ್ಲಿ ಊಟದ ಉಸ್ತುವಾರಿ ಹೊತ್ತ ಹಿರಿಯರನ್ನು ನೋಡಿ. ಮೂರನೇ ಪಂಕ್ತಿಗೆ ಎಲೆ ಸಾಲದು ಎಂದಾಗ ಯಾರನ್ನು ‘ಸ್ವಲ್ಪ ತಾಳಿ’ ಎನ್ನಬಹುದು, ಯಾರನ್ನು ಅನ್ನಲೇಬಾರದು ಎಂಬುದು ಅವರಿಗೆ ಗೊತ್ತು. ಬರೆದುಕೊಡಿ ಎಂದರೆ ಕಕ್ಕಾಬಿಕ್ಕಿಯಾಗುತ್ತಾರೆ.

ಬರೆದುಕೊಡಿ ಎಂದು ಕೇಳುವುದೇ ಆಗ ಒಂದು ಉದ್ಯೋಗವಾಗಿತ್ತು. ನಾಲೆಜ್ ಎಂಜಿನಿಯರ್ ಎಂಬವರು ಪರಿಣತರ ಪಕ್ಕ ಕುರ್ಚಿ ಹಾಕಿಕೊಂಡು ‘ಈ ವಿಮಾನವನ್ನು ಖಾಲಿ ಇದ್ದ ಆ ಗೇಟಿಗೆ ಯಾಕೆ ಹಾಕಲಿಲ್ಲ?’ ಎಂದು ಕೇಳುತ್ತಿದ್ದರು. ಕೇಳುವತನಕ ತಾನು ಹಾಗೆ ಮಾಡಿದ್ದು ಪರಿಣತನಿಗೇ ತಿಳಿದಿರುತ್ತಿರಲಿಲ್ಲ. ಆ ವಿಮಾನ ಬರುವ ಊರಿನಲ್ಲಿ ಚಳಿಗಾಲವೆಲ್ಲ ಮಂಜು, ಹೇಳಿದ ಹೊತ್ತಿಗೆ ಎಂದೂ ಬಂದಿಲ್ಲ, ಅದರ ಹಿಂದೆ ಬಿಡುವು ಜಾಸ್ತಿ ಇರುವ ಗೇಟೇ ಬೇಕು ಎಂದು ಆಮೇಲೆ ನೆನಪಾಗುತ್ತಿತ್ತು. ಸ್ಟ್ಯಾನ್‌ಫರ್ಡ್‌ನ ಎಡ್ವರ್ಡ್ ಫೈಗನ್‌ಬಾಮ್, ಪರಿಣತ ವ್ಯವಸ್ಥೆಗಳ ಪಿತಾಮಹ ಎನ್ನಿಸಿಕೊಂಡವರು, ಇಡೀ ಕೆಲಸ ಕಟ್ಟಿಕೊಳ್ಳುವ ಇಕ್ಕಟ್ಟಿನ ಜಾಗ ಇದೇ ಎಂದು ಮೊದಲೇ ಗುರುತಿಸಿದ್ದರು. ಯಂತ್ರದ ವೇಗ ತೊಂದರೆಯಾಗಿರಲಿಲ್ಲ. ಮನುಷ್ಯನ ತಲೆಯಿಂದ ಕಾಗದಕ್ಕೆ ಇಳಿಸುವುದು ತೊಂದರೆಯಾಗಿತ್ತು.

ಇಳಿಸಿದ ಮೇಲೂ ಗೋಳು ತಪ್ಪಲಿಲ್ಲ. ಎಕ್ಸ್‌ಕಾನ್‌ನ ನಿಯಮಗಳು ಬೆಳೆದು ಬೆಳೆದು ಹತ್ತು ಸಾವಿರ ದಾಟಿದವು; ಹೊಸ ಬಿಡಿಭಾಗ ಬಂದಾಗಲೆಲ್ಲ ತಿದ್ದಬೇಕು, ಒಂದು ತಿದ್ದಿದರೆ ಇನ್ನೆಲ್ಲೋ ಎಡವಟ್ಟು. 1980ರ ದಶಕ ಮುಗಿಯುವಷ್ಟರಲ್ಲಿ ಇಂಥ ತಂತ್ರಾಂಶಗಳನ್ನು ಓಡಿಸಲೆಂದೇ ಮಾಡಿದ ಲಿಸ್ಪ್ ಯಂತ್ರಗಳ ಮಾರುಕಟ್ಟೆ ಕುಸಿಯಿತು, ಹೂಡಿಕೆದಾರರು ಬೇರೆ ಕಡೆ ನೋಡಿದರು. ಆದರೆ ಗೇಟು ಹಂಚುವ ತಂತ್ರಾಂಶಗಳು ಇದರ ಜೊತೆ ಮುಳುಗಲಿಲ್ಲ. ನಿಲ್ದಾಣದ ನಿಯಮಗಳು ದಿನಕ್ಕೊಂದು ಬದಲಾಗುವುದಿಲ್ಲ. ಗೇಟುಗಳು ಅಲ್ಲೇ ಇರುತ್ತವೆ, ರೆಕ್ಕೆಗಳು ರಾತ್ರೋರಾತ್ರಿ ಬೆಳೆಯುವುದಿಲ್ಲ. ಪರಿಣತ ವ್ಯವಸ್ಥೆಗೆ ಹೇಳಿ ಮಾಡಿಸಿದ ಜಾಗ ಎಂದರೆ ಇಂಥದೇ. ಹೆಸರು ಮಾತ್ರ ಬದಲಾಯಿತು. ಆ ಹೊತ್ತಿಗೆ ‘ಎಕ್ಸ್‌ಪರ್ಟ್ ಸಿಸ್ಟಂ’ ಎಂದರೆ ಮಾರುವುದು ಕಷ್ಟವಾಗಿತ್ತೆಂದು ಕಾಣುತ್ತದೆ.

ಹಾಂಗ್‌ಕಾಂಗ್‌ನ ಕಥೆ ಇನ್ನೊಂದು ಪಾಠ. ಊರ ನಡುವಿನ ಕೈ ಟಾಕ್ ನಿಲ್ದಾಣವನ್ನು ಮುಚ್ಚಿ 1998ರ ಜುಲೈ 6ರಂದು ಚೆಕ್ ಲಾಪ್ ಕೋಕ್ ದ್ವೀಪದಲ್ಲಿ ಹೊಸದನ್ನು ತೆರೆದರು. ಹೊಸ ನಿಲ್ದಾಣಕ್ಕೆ ಬೇ ಹಂಚುವ ತಂತ್ರಾಂಶವೊಂದನ್ನು ಹಾಂಗ್‌ಕಾಂಗ್ ಸಿಟಿ ವಿಶ್ವವಿದ್ಯಾಲಯದ ಆಂಡಿ ಚುನ್ ಮತ್ತು ಜೊತೆಗಾರರು ಬರೆದಿದ್ದರು. ನಿಯಮಗಳನ್ನು ನಿರ್ಬಂಧಗಳಾಗಿ ಹೇಳಿ, ಒಂದು ವಿಮಾನವನ್ನು ಕೂರಿಸಿದ ಕೂಡಲೇ ಉಳಿದವುಗಳಿಗೆ ಯಾವ ಬೇಗಳು ಇನ್ನು ಸಾಧ್ಯವಿಲ್ಲ ಎಂಬುದನ್ನು ಆಗಲೇ ಹೊಡೆದುಹಾಕುತ್ತಾ ಹೋಗುವ ಕ್ರಮ ಅದು. ಮುಂಚಿತ ಪಟ್ಟಿಗೂ ಸೈ, ಆ ಕ್ಷಣದ ತಿದ್ದುಪಡಿಗೂ ಸೈ. ಆದರೆ ಉದ್ಘಾಟನೆಯ ದಿನ ಕೈಕೊಟ್ಟದ್ದು ಬೇರೆಯೇ. ವಿಮಾನಗಳ ಮಾಹಿತಿ ತೋರಿಸುವ ಪರದೆಗಳ ವ್ಯವಸ್ಥೆ ಎಡವಿತು. ಯಾವ ವಿಮಾನ ಯಾವ ಗೇಟಿನಲ್ಲಿದೆ ಎಂಬುದು ಪ್ರಯಾಣಿಕರಿಗೂ ಸಿಬ್ಬಂದಿಗೂ ಸರಿಯಾಗಿ ತಲುಪಲಿಲ್ಲ. ಹೊರಡಬೇಕಾದವು ಹೊರಡದೆ ಏಪ್ರನ್ ತುಂಬಿತು. ಇಳಿದ ವಿಮಾನಗಳು ಜಾಗಕ್ಕಾಗಿ ಕಾದು ನಿಂತವು. ಸರಕಿನ ಟರ್ಮಿನಲ್ಲಿನ ರಾದ್ಧಾಂತ ಇನ್ನೂ ದೊಡ್ಡದು, ವಿಚಾರಣಾ ಆಯೋಗವೇ ಕೂತಿತು. ಯಾವ ಬೇ ಖಾಲಿ ಎಂಬ ಸುದ್ದಿಯೇ ಸಿಗದಿದ್ದರೆ ಹಂಚುವ ಜಾಣತನಕ್ಕೆ ಬೆಲೆಯಿಲ್ಲ.

ಸುದ್ದಿ ಸಿಕ್ಕಿದಾಗಲೂ ಒಂದು ಬೆಳಗಿನ ಪಾಡು ಹೇಗಿರುತ್ತದೆ ನೋಡೋಣ. ಇದು ಕಲ್ಪಿಸಿಕೊಂಡದ್ದು, ಆದರೆ ಎಲ್ಲ ದೊಡ್ಡ ನಿಲ್ದಾಣಗಳಲ್ಲೂ ದಿನಾ ನಡೆಯುವಂಥದ್ದೇ. ಏಳೂವರೆಗೆ ಬರಬೇಕಾದ ದೆಹಲಿ ವಿಮಾನ ಬೆನ್ನ ಗಾಳಿ ಸಿಕ್ಕಿ ಇಪ್ಪತ್ತು ನಿಮಿಷ ಮೊದಲೇ ಇಳಿದಿದೆ. ಅದರ 14ನೇ ಗೇಟಿನಲ್ಲಿ ಇನ್ನೊಂದು ವಿಮಾನ ನಿಂತೇ ಇದೆ. ಚೆಕ್-ಇನ್ ಮಾಡಿದ ಒಬ್ಬ ಪ್ರಯಾಣಿಕ ಹತ್ತಿಲ್ಲ, ಆತನ ಬ್ಯಾಗನ್ನು ಹುಡುಕಿ ಇಳಿಸದೆ ಹೊರಡುವಂತಿಲ್ಲ. 16ನೇ ಗೇಟು ಖಾಲಿ ಇದೆ, ಆದರೆ ನಲವತ್ತು ನಿಮಿಷಕ್ಕೆ ಅಲ್ಲಿಗೆ ಬರುವ ದೊಡ್ಡ ವಿಮಾನಕ್ಕೆ ಬೇರೆ ಗೇಟಿಲ್ಲ. ದೂರದ ಬೇ ಸಿಗುತ್ತದೆ, ಆದರೆ ದೆಹಲಿ ವಿಮಾನದಲ್ಲಿ ಗಾಲಿಕುರ್ಚಿ ಕೇಳಿದವರು ಆರು ಮಂದಿ. ಅವರನ್ನು ಲಿಫ್ಟ್ ಇರುವ ವಾಹನದಲ್ಲಿ ಇಳಿಸಿ, ಉಳಿದವರಿಗೆ ಬಸ್ಸು ಕರೆಸಿ, ಮತ್ತೆ ಹೊರಡುವವರನ್ನೂ ಬಸ್ಸಿನಲ್ಲೇ ತರುವಷ್ಟರಲ್ಲಿ ಅದರ ಮುಂದಿನ ಹಾರಾಟ ತಡವಾಗುತ್ತದೆ. 16ಕ್ಕೆ ಹಾಕಿ ದೊಡ್ಡದನ್ನು ಸರಿಸಿದರೆ ಅದರ ಹಿಂದೆ ಇನ್ನೂ ಎರಡು ಮೂರು ವಿಮಾನ ಸರಿಯಬೇಕು, ಆಗಲೇ ಗೇಟಿನ ಮುಂದೆ ಕೂತವರೆಲ್ಲ ಎದ್ದು ಓಡಬೇಕು.

ತಂತ್ರಾಂಶ ಇದನ್ನೆಲ್ಲ ಕೂಡಿ ಕಳೆದು ದೂರದ ಬೇಯನ್ನೇ ಸೂಚಿಸಬಹುದು. ಏಪ್ರನ್ ಕಂಟ್ರೋಲಿನಲ್ಲಿ ಕೂತವರು ಕ್ಯಾಮೆರಾದಲ್ಲಿ 14ನೇ ಗೇಟನ್ನು ನೋಡುತ್ತಾರೆ. ಹೋಲ್ಡಿನ ಬಾಗಿಲು ಮುಚ್ಚುತ್ತಿದೆ, ಮೂತಿಯ ಚಕ್ರಕ್ಕೆ ವಿಮಾನ ತಳ್ಳುವ ಟಗ್ ಸೇರಿಸಿ ಆಗಿದೆ. ಅಂದರೆ ಬ್ಯಾಗು ಸಿಕ್ಕಿದೆ. ‘ದೆಹಲಿಯದು ಟ್ಯಾಕ್ಸಿವೇಯಲ್ಲೇ ಹತ್ತು ನಿಮಿಷ ನಿಲ್ಲಲಿ’ ಎನ್ನುತ್ತಾರೆ. ಟಗ್ ಸೇರಿಸಿದ್ದು ಯಾವ ದತ್ತಾಂಶದಲ್ಲೂ ಇನ್ನೂ ಬಂದಿರಲಿಲ್ಲ. ಇಂಥ ಸಂಗತಿಗಳೂ ತಾನಾಗಿ ದಾಖಲಾಗಲಿ ಎಂದೇ ಈಗ ದೊಡ್ಡ ನಿಲ್ದಾಣಗಳಲ್ಲಿ ವಿಮಾನ ಕಂಪನಿ, ನೆಲದ ಸಿಬ್ಬಂದಿ, ವಾಯು ಸಂಚಾರ ನಿಯಂತ್ರಕರು ಒಂದೇ ಪರದೆಯಲ್ಲಿ ಒಂದೇ ಹೊತ್ತನ್ನು ನೋಡುವ ಏರ್ಪಾಡು ಮಾಡಿಕೊಂಡಿರುವುದು.

ಇಂಥ ಬೆಳಗುಗಳನ್ನು ನೋಡಿ ನೋಡಿ ಸಂಶೋಧಕರೂ ಗುರಿ ಬದಲಿಸಿದ್ದಾರೆ. ಅತ್ಯುತ್ತಮ ಪಟ್ಟಿಯನ್ನು ಹುಡುಕುವುದಕ್ಕಿಂತ ಸುಲಭವಾಗಿ ಕೆಡದ ಪಟ್ಟಿಯನ್ನು ಹುಡುಕುವುದು ಮೇಲು ಎಂಬ ವಿಚಾರಕ್ಕೆ ಬಂದಿದ್ದಾರೆ. ಒಂದು ಗೇಟಿನಲ್ಲಿ ಎರಡು ವಿಮಾನಗಳ ನಡುವೆ ಐದು ನಿಮಿಷ, ಇನ್ನೊಂದರಲ್ಲಿ ಎರಡು ಗಂಟೆ ಬಿಡುವು ಇರುವ ಪಟ್ಟಿಗಿಂತ ಎಲ್ಲೆಡೆ ಬಿಡುವು ಹೆಚ್ಚುಕಡಿಮೆ ಸಮನಾಗಿ ಹರಡಿದ ಪಟ್ಟಿ ಲೇಸು. ಒಂದು ತಡವಾದರೆ ಅದರ ಪೆಟ್ಟು ಅಲ್ಲಲ್ಲೇ ಆರಿಹೋಗುತ್ತದೆ. ಪಟ್ಟಿ ಕೆಟ್ಟ ಮೇಲೂ ಅಷ್ಟೇ. ಹೊಸದಾಗಿ ಸೊಗಸಾದ ಪಟ್ಟಿ ಮಾಡಿ ಮೂವತ್ತು ವಿಮಾನಗಳ ಗೇಟು ಬದಲಿಸುವುದಕ್ಕಿಂತ ಮೂರನ್ನೇ ಬದಲಿಸಿ ಕೆಲಸ ಸಾಗಿಸುವುದು ಜಾಣತನ. ಹಲಗೆಯ ಕಾಲದವರು ಇದನ್ನು ಯಾವ ಸೂತ್ರವೂ ಇಲ್ಲದೆ ಮಾಡುತ್ತಿದ್ದರು.

ಇನ್ನು ಯಾರ ಅನುಕೂಲಕ್ಕೆ ಹಂಚಬೇಕು ಎಂಬ ಜಗಳ. ವಿಮಾನ ಕಂಪನಿಗೆ ರನ್‌ವೇಯಿಂದ ಹತ್ತಿರದ ಗೇಟು ಬೇಕು, ಇಂಧನ ಉಳಿಯುತ್ತದೆ. ನಿಲ್ದಾಣ ನಡೆಸುವವರಿಗೆ ಏರೋಬ್ರಿಜ್‌ಗಳು ಸುಮ್ಮನೆ ನಿಲ್ಲಬಾರದು. ಟರ್ಮಿನಲ್ ಎರಡಾದರೆ ಇಕ್ಕಟ್ಟೂ ಎರಡು ಪಟ್ಟು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ಹಾರಾಟಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಹೋದವು. ಹೊರದೇಶದಿಂದ ಬಂದ ವಿಮಾನವೇ ಮುಂದೆ ದೇಶೀಯ ಹಾರಾಟಕ್ಕೆ ಹೊರಡುವುದಾದರೆ ಅದನ್ನು ಎಲ್ಲಿ ನಿಲ್ಲಿಸುವುದು, ಟಗ್ ಕಟ್ಟಿ ಎಳೆದುಕೊಂಡು ಹೋಗುವುದೋ ಎಂಬುದು ಎರಡು ಟರ್ಮಿನಲ್ ಇರುವ ಯಾವ ನಿಲ್ದಾಣವೂ ದಿನಾ ಮಾಡಬೇಕಾದ ಲೆಕ್ಕ. ಪ್ರಯಾಣಿಕ ನಡೆಯುವ ದೂರ ಪ್ರಬಂಧಗಳಲ್ಲಿ ಮೊದಲ ಸಾಲಿನಲ್ಲೇ ಬರುತ್ತದೆ. ಸಡಿಲಿಸುವ ಸರದಿ ಬಂದಾಗಲೂ ಅದೇ ಮೊದಲು ಎಂಬುದು ನನ್ನ ಅನುಮಾನ. ಮಂಡಿನೋವಿನ ಅಜ್ಜಿ ಗೇಟಿನಿಂದ ಗೇಟಿಗೆ ನಡೆದರೆ ಯಾರ ಇಂಧನವೂ ಸುಡುವುದಿಲ್ಲವಲ್ಲ.

ಟಿಡಬ್ಲ್ಯುಎ 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಕರಗಿಹೋಯಿತು. ಅದೇ ಅಮೆರಿಕನ್ 2021ರಲ್ಲಿ ತನ್ನ ದೊಡ್ಡ ನೆಲೆಯಾದ ಡಲ್ಲಾಸ್-ಫೋರ್ಟ್ ವರ್ತ್‌ನಲ್ಲಿ ಗೇಟುಗಳನ್ನು ತಾನಾಗಿ ಹಂಚುವ ಹೊಸ ವ್ಯವಸ್ಥೆಯನ್ನು ತಂದಿತು. ಇಳಿದ ವಿಮಾನ ಆದಷ್ಟು ಕಡಿಮೆ ಹೊತ್ತು ಟ್ಯಾಕ್ಸಿ ಮಾಡಿ ಹತ್ತಿರದ ಖಾಲಿ ಗೇಟಿಗೆ ಸೇರುವಂತೆ ಅದು ನೋಡಿಕೊಳ್ಳುತ್ತದೆ. ಇನ್ನು ಮುಂದೆ ಪರಿಣತರನ್ನು ಕೂರಿಸಿಕೊಂಡು ಕೇಳುವ ಬದಲು ಅವರು ಮಾಡಿದ ಬದಲಾವಣೆಗಳ ದಾಖಲೆಯಿಂದಲೇ ಯಂತ್ರ ಕಲಿಯಲಿ ಎಂಬ ಉತ್ಸಾಹ ಈಗ ಎಲ್ಲೆಡೆ ಇದೆ. ದಾಖಲೆಯಲ್ಲಿ ದೆಹಲಿ ವಿಮಾನ ಹತ್ತು ನಿಮಿಷ ಕಾದದ್ದು ಇರುತ್ತದೆ. ಯಾಕೆ ಕಾಯಿಸಿದರು ಎಂಬ ಕಡೆ ಯಾರೂ ಏನೂ ಬರೆದಿರುವುದಿಲ್ಲ. ಆ ಹೊತ್ತಿನಲ್ಲಿ ಬರೆಯಲು ಪುರುಸೊತ್ತು ಯಾರಿಗಿತ್ತು? ಒಂದು ಕುರ್ಚಿ ಹಾಕಿಕೊಂಡು ಕೇಳುವವರನ್ನು ನಿಲ್ದಾಣಗಳು ಮತ್ತೆ ನೇಮಿಸಿಕೊಳ್ಳಬೇಕಾಗುತ್ತದೆ ಎಂದೇ ನನ್ನ ಎಣಿಕೆ.